ಗೋಡೆ ನೋಡಿ ಮದ್ದು

ಮುಂಗಾರು ಹತ್ತಿರ ಬಂತೆಂದರೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಒಂದೇ ಕೆಲಸ. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ತಾಮ್ರದ ಲವಣವಾದ ಮೈಲುತುತ್ತ 1 ಕಿಲೋ ಕರಗಿಸುತ್ತಾರೆ, ಇನ್ನೊಂದರಲ್ಲಿ ಅಷ್ಟೇ ನೀರಿಗೆ 1 ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕೋಲಿನಿಂದ ಕದಡಿದರೆ ಗೊನೆಗಳಿಗೆ ಹೊಡೆಯುವ ತಿಳಿನೀಲಿ ಬಣ್ಣದ ಬೋರ್ಡೋ ದ್ರಾವಣ ಸಿದ್ಧ. ಆಮೇಲೆ ಮನೆಯ ಹಿರಿಯರು ಯಾರಾದರೂ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಅದರೊಳಗೆ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಾರೆ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಲೆಕ್ಕ, ಇನ್ನಷ್ಟು ಬೆರೆಸಬೇಕು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆರೋಗದ ಬಗ್ಗೆ ವಿವರವಾದ ವರದಿ ಪ್ರಕಟಿಸಿದರು. ಶತಮಾನ ಕಳೆದರೂ ಕೊಳೆಗೆ ಬೋರ್ಡೋ ಬಿಟ್ಟರೆ ಗತಿಯಿಲ್ಲ ಎನ್ನುವವರೇ ಇವತ್ತಿಗೂ ಹೆಚ್ಚು.

ಈಚಿನ ವರ್ಷಗಳಲ್ಲಿ ಅದೇ ತೋಟಗಳಿಗೆ ಎಲೆಚುಕ್ಕಿ ರೋಗವೂ ವಕ್ಕರಿಸಿದೆ. ಶೃಂಗೇರಿ, ಕೊಪ್ಪ, ಹೊಸನಗರದ ಕಡೆ ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಸೋಗೆಯೇ ಒಣಗುತ್ತದೆ. ಇದಕ್ಕೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮುಂತಾದ ಔಷಧಿ ಹೊಡೆಯುತ್ತಾರೆ. ಹೊಡೆದು ಮುಗಿಸಿದವರು ಕೇಳುವ ಪ್ರಶ್ನೆ ಸಹಜವಾದದ್ದೇ: "ಎಲೆಚುಕ್ಕಿಗೆ ಹೊಡೆದ ಔಷಧಿಯೇ ಕೊಳೆಗೂ ಆಗ್ತದಲ್ಲ ಮಾರಾಯ, ಎರಡೂ ಫಂಗಸ್ಸೇ ಅಲ್ವಾ?"

ಆಗುವುದಿಲ್ಲ, ಯಾಕೆಂದರೆ ಎರಡರಲ್ಲಿ ಒಂದು ಮಾತ್ರ ಫಂಗಸ್. ಎಲೆಚುಕ್ಕಿಗೆ ಮುಖ್ಯ ಕಾರಣವಾದ ಕೊಲೆಟೊಟ್ರೈಕಮ್ ನಿಜವಾದ ಶಿಲೀಂಧ್ರ. ಕೊಳೆ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ವಂಶದಲ್ಲಿ ಕಂದು ಪಾಚಿಗಳ ಕಡೆಯದು, ಊಮೈಸೀಟ್ ಎಂಬ ಬೇರೆಯೇ ಗುಂಪಿನದು. ಎರಡೂ ಬಿಳಿ ನೂಲಿನಂತೆಯೇ ಬೆಳೆಯುತ್ತವೆ, ಬರಿಗಣ್ಣಿಗೆ ಗುರುತು ಹತ್ತುವುದು ಕಷ್ಟ. ಆ ನೂಲಿನ ಕೋಶಗಳ ಸುತ್ತಲಿನ ಗೋಡೆ ಯಾವುದರಿಂದ ಕಟ್ಟಿದೆ ಎಂದು ನೋಡಿದರೆ ಮಾತ್ರ ದಾಯಾದಿಗಳೂ ಅಲ್ಲವೆಂದು ತಿಳಿಯುತ್ತದೆ. ಮುಖ ನೋಡಿ ಮಣೆ ಹಾಕುವುದು ನಮಗೆ ಗೊತ್ತು. ಇಲ್ಲಿ ಗೋಡೆ ನೋಡಿ ಮದ್ದು ಹಾಕಬೇಕು. ಈ ಮಾತು ತೋಟಕ್ಕೆ ಎಷ್ಟು ನಿಜವೋ ಆಸ್ಪತ್ರೆಯ ಐಸಿಯುಗೂ ಅಷ್ಟೇ ನಿಜ.

ಗೋಡೆಯ ಕಥೆ ಅಣಬೆಯಿಂದಲೇ ಶುರುವಾಗುತ್ತದೆ. ಸಾರಿಗೆ ಹಾಕಿದ ಬದನೆ, ಕುಂಬಳ ಹತ್ತು ನಿಮಿಷ ಹೆಚ್ಚು ಬೆಂದರೆ ಕರಗಿ ಮುದ್ದೆಯಾಗುತ್ತವೆ. ಅಣಬೆ ಮಾತ್ರ ಎಷ್ಟು ಕುದಿಸಿದರೂ ಹಲ್ಲಿಗೆ ಸಿಗುವಷ್ಟು ಗಟ್ಟಿಯಾಗಿಯೇ ಉಳಿಯುತ್ತದೆ. ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಬಿಸಿಗೆ ಬಿಟ್ಟುಕೊಡುತ್ತದೆ, ಅಣಬೆಯ ಗೋಡೆಯಲ್ಲಿರುವ ಕೈಟಿನ್ ಬಿಡುವುದಿಲ್ಲ. 1811ರಲ್ಲಿ ಫ್ರಾನ್ಸಿನ ನ್ಯಾನ್ಸಿ ನಗರದ ಆಂರಿ ಬ್ರಾಕೊನೊ ಅಣಬೆಯನ್ನು ಕ್ಷಾರದಲ್ಲಿ ಕುದಿಸಿ, ಕರಗದೆ ತಳದಲ್ಲಿ ಉಳಿದದ್ದಕ್ಕೆ 'ಫಂಜೀನ್' ಎಂದು ಹೆಸರಿಟ್ಟರು. ಹನ್ನೆರಡು ವರ್ಷ ಕಳೆದು 1823ರಲ್ಲಿ ಓಡಿಯೆ ಎಂಬವರು ಕೀಟಗಳ ಹೊರಕವಚದಲ್ಲೂ ಅದೇ ವಸ್ತುವನ್ನು ಕಂಡು ಇಟ್ಟ ಹೆಸರು 'ಕೈಟಿನ್'. ಏಡಿ, ಸಿಗಡಿಯ ಚಿಪ್ಪು ಎಂದರೆ ನಮಗೆ ನೆನಪಾಗುವ ಈ ವಸ್ತು ಮೊದಲು ಸಿಕ್ಕಿದ್ದು ಅಣಬೆಯಲ್ಲಿ.

ಕೈಟಿನ್ನಿಗೂ ಹತ್ತಿಯ ಸೆಲ್ಯುಲೋಸಿಗೂ ಇರುವ ಅಂತರ ತೀರಾ ಚಿಕ್ಕದು. ಎರಡೂ ಸಕ್ಕರೆಯ ಉದ್ದ ಸರಪಳಿಗಳೇ, ಕೊಂಡಿ ಬೆಸೆದ ರೀತಿಯೂ ಒಂದೇ. ಸೆಲ್ಯುಲೋಸಿನಲ್ಲಿ ಗ್ಲೂಕೋಸ್ ಸಾಲಾಗಿ ನಿಂತಿದ್ದರೆ, ಕೈಟಿನ್ನಿನಲ್ಲಿ ಪ್ರತಿ ಗ್ಲೂಕೋಸಿನ ಒಂದು ಮೂಲೆಗೆ ಸಾರಜನಕ ಇರುವ ಸಣ್ಣ ಬಾಲ ಅಂಟಿಕೊಂಡಿದೆ. ಆ ಬಾಲದಿಂದಾಗಿ ಪಕ್ಕದ ಸರಪಳಿಗಳು ಒಂದನ್ನೊಂದು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬಾಲದ ಅಸಿಟೈಲ್ ತುದಿಯನ್ನು ಕತ್ತರಿಸಿ ಹಾಕಿದರೆ ಅದೇ ಕೈಟಿನ್ ಕೈಟೋಸಾನ್ ಆಗುತ್ತದೆ. ಕೆಲವು ಶಿಲೀಂಧ್ರಗಳು ಈ ಕತ್ತರಿಸುವ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಮುಂದೆ ಬ್ಲ್ಯಾಕ್ ಫಂಗಸ್ಸಿನ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಹಾಗೆಂದು ಗೋಡೆ ಪೂರ್ತಿ ಕೈಟಿನ್ನಿನದಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟಿನ ಗೋಡೆಯಲ್ಲಿ ಕೈಟಿನ್ ನೂರಕ್ಕೆ ಒಂದೆರಡು ಪಾಲು ಅಷ್ಟೇ, ಅದೂ ಹೆಚ್ಚಾಗಿ ಒಂದೇ ಕಡೆ. ತಾಯಿಕೋಶದಿಂದ ಮೊಗ್ಗೊಡೆದು ಮರಿ ಬೇರೆಯಾದ ಜಾಗದಲ್ಲಿ ಉಂಗುರದಾಕಾರದ ಕಲೆ ಉಳಿಯುತ್ತದೆ, ಅಲ್ಲಿ ಕೈಟಿನ್ ದಟ್ಟವಾಗಿರುತ್ತದೆ. ಕೈಟಿನ್ನಿಗೆ ಅಂಟುವ ಬಣ್ಣ ಹಾಕಿ ಈ ಉಂಗುರಗಳನ್ನು ಎಣಿಸಿದರೆ ಆ ಯೀಸ್ಟ್ ಎಷ್ಟು ಹೆತ್ತಿದೆ ಎಂದು ಹೇಳಬಹುದು. ಗೋಡೆಯ ಅರ್ಧಕ್ಕಿಂತ ಹೆಚ್ಚು ಪಾಲು ಬೀಟಾ ಗ್ಲೂಕನ್. ಇದೂ ಗ್ಲೂಕೋಸಿನ ಸರಪಳಿಯೇ, ಆದರೆ ಕೊಂಡಿಯ ಜಾಗ ಬೇರೆ. ಸೆಲ್ಯುಲೋಸಿನಲ್ಲಿ 1ನೇ ಇಂಗಾಲ ಪಕ್ಕದವರ 4ನೆಯದಕ್ಕೆ ಕೈ ಕೊಟ್ಟರೆ ಇಲ್ಲಿ 3ನೆಯದಕ್ಕೆ. ಇಷ್ಟು ಬದಲಾದದ್ದಕ್ಕೇ ನೇರವಾಗಿರಬೇಕಿದ್ದ ಸರಪಳಿ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಗೋಡೆಗೆ ಹಿಗ್ಗುವ, ಕುಗ್ಗುವ ಗುಣ ಬಂದದ್ದು ಇದರಿಂದ. ಹೊರಗಿನ ಪದರದಲ್ಲಿ ಮ್ಯಾನೋಸ್ ಸಕ್ಕರೆಯ ದಟ್ಟ ಪೊದೆ ಹೊತ್ತ ಪ್ರೋಟೀನುಗಳಿವೆ. ಹೊರಗಿನ ಜಗತ್ತಿಗೆ ಕಾಣುವ ಮುಖ ಅದು.

ಗ್ಲೂಕನ್, ಕೈಟಿನ್, ಮ್ಯಾನನ್ ಎಂಬ ಈ ಮೂರರ ಪಟ್ಟಿ ಪಠ್ಯಪುಸ್ತಕಗಳಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಎಲ್ಲ ಶಿಲೀಂಧ್ರಗಳ ಗೋಡೆಯೂ ಒಂದೇ ಎಂಬ ಭಾವನೆ ಬಂದುಬಿಟ್ಟಿದೆ. ನನ್ನ ತಕರಾರು ಇರುವುದೇ ಇಲ್ಲಿ. ಬಹುಕಾಲ ಈ ಗೋಡೆಯನ್ನು ಓದುತ್ತಿದ್ದದ್ದು ಬ್ರಾಕೊನೊ ದಾರಿಯಲ್ಲೇ: ಕ್ಷಾರ, ಆಮ್ಲ ಹಾಕಿ ಒಂದೊಂದಾಗಿ ಕರಗಿಸಿ, ಬಂದದ್ದನ್ನು ತೂಗುವುದು. ಮನೆ ಕೆಡವಿ ಇಟ್ಟಿಗೆ, ಜಂತಿ, ಹೆಂಚು ಎಣಿಸಿದ ಹಾಗೆ. ಎಷ್ಟು ಹೆಂಚಿತ್ತೆಂದು ಗೊತ್ತಾಗುತ್ತದೆ, ಜಂತಿ ಯಾವುದರ ಮೇಲೆ ಕೂತಿತ್ತೆಂದು ಗೊತ್ತಾಗುವುದಿಲ್ಲ. 2018ರಲ್ಲಿ ಟುವೊ ವಾಂಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟನ್ನು ಕೆಡವದೆ, ಇಡಿಯಾಗಿ, ಅಣುಗಳ ಜೋಡಣೆ ತೋರಿಸುವ ಎನ್‌ಎಂಆರ್ ಯಂತ್ರದಲ್ಲಿಟ್ಟು ನೋಡಿದರು. ಬರಿಯ ತುಂಬುಗಾರೆ ಎಂದುಕೊಂಡಿದ್ದ ಆಲ್ಫಾ ಗ್ಲೂಕನ್ (ಗ್ಲೂಕೋಸಿನದೇ ಇನ್ನೊಂದು ಬಗೆಯ ಸರಪಳಿ) ಕೈಟಿನ್ನಿನ ಜೊತೆ ಬಿಗಿಯಾಗಿ ಹೆಣೆದುಕೊಂಡು ನೀರು ತಾಗದ ಗಟ್ಟಿ ಚೌಕಟ್ಟಾಗಿತ್ತು. ಮುಖ್ಯ ಆಧಾರ ಎಂದುಕೊಂಡಿದ್ದ ಬೀಟಾ ಗ್ಲೂಕನ್ ಅದರ ಸುತ್ತ ನೀರು ಹೀರಿಕೊಂಡ ಮೆತ್ತನೆಯ ಹೊದಿಕೆಯಾಗಿ ಕೂತಿತ್ತು. ಪಟ್ಟಿ ಅದೇ, ಕಟ್ಟಡ ಬೇರೆ.

ಈಗ ಆಸ್ಪತ್ರೆಗೆ ಬರೋಣ.

2021ರ ಮೇ ತಿಂಗಳು ಮರೆಯುವಂಥದ್ದಲ್ಲ. ಕೋವಿಡ್‌ನಿಂದ ಎದ್ದವರ ಕೆನ್ನೆ ಊದಿಕೊಂಡಿತು, ಮೂಗಿನಲ್ಲಿ ಕಪ್ಪು ಹಕ್ಕಳೆ ಕಟ್ಟಿತು, ಕಣ್ಣು ಮುಚ್ಚಿಹೋಯಿತು. ಮ್ಯೂಕರ್‌ಮೈಕೋಸಿಸ್ ಎಂಬ ಹೆಸರು ಹಳ್ಳಿಗಳಲ್ಲೂ ಬ್ಲ್ಯಾಕ್ ಫಂಗಸ್ ಆಗಿ ಓಡಾಡಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದವು. ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ಆಗಿವೆಯೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು.

ಆಗ ಪ್ರಯೋಗಾಲಯದ ಮೇಜಿನ ಮೇಲೆ ನಡೆಯುತ್ತಿದ್ದದ್ದು ಇಷ್ಟು. ಮೂಗಿನೊಳಗಿಂದ ಕೆರೆದು ತಂದ ಚೂರನ್ನು ಸ್ಲೈಡಿನ ಮೇಲಿಟ್ಟು ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮನುಷ್ಯನ ಮಾಂಸ, ಲೋಳೆ ಎಲ್ಲ ಕರಗಿ ತಿಳಿಯಾಗುತ್ತದೆ. ಶಿಲೀಂಧ್ರದ ಗೋಡೆ ಮಾತ್ರ ಕರಗದೆ ನಿಲ್ಲುತ್ತದೆ. ಇನ್ನೂರು ವರ್ಷದ ಹಿಂದೆ ಬ್ರಾಕೊನೊ ಪಾತ್ರೆಯ ತಳದಲ್ಲಿ ಉಳಿದಿತ್ತಲ್ಲ, ಅದೇ. ಕ್ಯಾಲ್ಕೊಫ್ಲೋರ್ ಎಂಬ ಬಣ್ಣ ಹಾಕಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಗೋಡೆ ನೀಲಿಯಾಗಿ ಹೊಳೆಯುತ್ತದೆ. ಆಸ್ಪರ್ಜಿಲಸ್ ಆದರೆ ತೆಳ್ಳಗಿನ, ನಡುನಡುವೆ ಅಡ್ಡಗೋಡೆಯಿರುವ, ಓರೆಯಾಗಿ ಕವಲೊಡೆದ ಎಳೆಗಳು. ಮ್ಯೂಕರ್ ಬಳಗದ್ದಾದರೆ ಅಗಲವಾದ, ಅಡ್ಡಗೋಡೆ ಇಲ್ಲವೆನ್ನುವಷ್ಟು ವಿರಳವಾದ, ಮಡಚಿಕೊಂಡ ರಿಬ್ಬನ್ನಿನಂಥ ಎಳೆಗಳು. ಅಂದಹಾಗೆ ಅವು ಕಪ್ಪಗೂ ಇರುವುದಿಲ್ಲ. ಬಣ್ಣವಿಲ್ಲದ ಎಳೆಗಳು ರಕ್ತನಾಳಕ್ಕೆ ನುಗ್ಗಿ ಅದನ್ನು ಕಟ್ಟಿಬಿಡುತ್ತವೆ, ರಕ್ತ ಸಿಗದೆ ಸತ್ತ ಮಾಂಸ ಕಪ್ಪಾಗುತ್ತದೆ. ಗೋಡೆಯಲ್ಲಿ ನಿಜವಾಗಿ ಕಪ್ಪು ಮೆಲನಿನ್ ಹೊತ್ತ ಶಿಲೀಂಧ್ರಗಳು ಬೇರೆಯೇ ಇವೆ.

ರಕ್ತ ಪರೀಕ್ಷೆಯಲ್ಲಿ ಇದನ್ನು ಹಿಡಿಯಲಾಗಲಿಲ್ಲವೇ? ಶಿಲೀಂಧ್ರದ ಸೋಂಕು ಹುಡುಕಲು ರಕ್ತದಲ್ಲಿ ಬೀಟಾ ಗ್ಲೂಕನ್ ಅಳೆಯುವ ಪರೀಕ್ಷೆಯಿದೆ, ಆಸ್ಪರ್ಜಿಲಸ್ ಗೋಡೆಯ ಗ್ಯಾಲಕ್ಟೊಮ್ಯಾನನ್ ಎಂಬ ಸಕ್ಕರೆ ಸರಪಳಿ ಹುಡುಕುವ ಪರೀಕ್ಷೆಯೂ ಇದೆ. ಎರಡೂ ಗೋಡೆಯಿಂದ ಉದುರಿದ ಚೂರುಗಳನ್ನೇ ಹುಡುಕುವಂಥವು. ಮ್ಯೂಕರ್ ಬಳಗದ ಗೋಡೆಯಲ್ಲಿ ಹೆಚ್ಚಾಗಿರುವುದು ಕೈಟಿನ್, ಕೈಟೋಸಾನ್ ಮತ್ತು ಗ್ಲುಕುರಾನಿಕ್ ಆಮ್ಲದ ಸರಪಳಿಗಳು. ಬೀಟಾ ಗ್ಲೂಕನ್ ಅಲ್ಲಿ ತೀರಾ ಕಡಿಮೆ, ಗ್ಯಾಲಕ್ಟೊಮ್ಯಾನನ್ ಪರೀಕ್ಷೆಗೂ ಅದು ಸಿಗುವುದಿಲ್ಲ. ಹಾಗಾಗಿ ವರದಿ 'ನೆಗೆಟಿವ್' ಬಂದರೂ ಕಾಯಿಲೆ ಇಲ್ಲ ಎನ್ನುವಂತಿಲ್ಲ. ಔಷಧಿಗೂ ಇದೇ ಅಡ್ಡಿ. ಗೋಡೆ ಕಟ್ಟುವುದನ್ನೇ ತಡೆಯುವ ಕ್ಯಾಸ್ಪೊಫಂಜಿನ್‌ನಂಥ ಮದ್ದುಗಳು ಆಗ ಕೈಯಲ್ಲಿದ್ದವು, ಆದರೆ ಅವು ತಡೆಯುವುದು ಬೀಟಾ ಗ್ಲೂಕನ್ನಿನ ತಯಾರಿಯನ್ನು. ಮ್ಯೂಕರ್ ಮೇಲೆ ಅವನ್ನೇ ನಂಬಿ ಕೂರುವಂತಿರಲಿಲ್ಲ. ಉಳಿದದ್ದು ಆಂಫೊಟೆರಿಸಿನ್, ಗೋಡೆಯನ್ನು ಬಿಟ್ಟು ಅದರ ಹಿಂದಿನ ಪೊರೆಗೆ ಹೊಡೆಯುವ ಮದ್ದು. ದೇಶವೆಲ್ಲ ಒಂದೇ ಮದ್ದಿಗೆ ಮುಗಿಬಿತ್ತು. ಲೈಪೋಸೋಮಲ್ ಆಂಫೊಟೆರಿಸಿನ್ನಿನ ಒಂದೊಂದು ಸೀಸೆಗಾಗಿ ಮನೆಮಂದಿ ಊರೂರು ಫೋನು ಮಾಡಿದ್ದರ ಹಿಂದೆ, ಬೇರೆಲ್ಲ ಕಾರಣಗಳ ಜೊತೆ, ಈ ಗೋಡೆಯ ರಸಾಯನವೂ ಇತ್ತು.

ಪೊರೆಗೆ ಹೊಡೆಯುವ ಮದ್ದಿನ ತೊಂದರೆ ಏನೆಂದರೆ ಶಿಲೀಂಧ್ರ ನಮಗೆ ತೀರಾ ಹತ್ತಿರದ ನೆಂಟ. ಜೀವವೃಕ್ಷದಲ್ಲಿ ಅದು ಗಿಡಗಳಿಗಿಂತ ಪ್ರಾಣಿಗಳಿಗೇ ಸಮೀಪ. ಅದರ ಪೊರೆಯಲ್ಲಿರುವ ಎರ್ಗೊಸ್ಟೆರಾಲಿಗೂ ನಮ್ಮ ಕೊಲೆಸ್ಟೆರಾಲಿಗೂ ಚಹರೆಯಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಅದನ್ನು ಹುಡುಕಿ ಹೊರಟ ಆಂಫೊಟೆರಿಸಿನ್ ನಮ್ಮ ಮೂತ್ರಪಿಂಡಕ್ಕೂ ಏಟು ಕೊಡುತ್ತದೆ. ಅದರಲ್ಲಿದ್ದು ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಬಹುದಾದದ್ದು ಗೋಡೆ. ಬ್ಯಾಕ್ಟೀರಿಯಾದ ಗೋಡೆಗೆ ಪೆನಿಸಿಲಿನ್ ಹೇಗೋ ಶಿಲೀಂಧ್ರದ ಗೋಡೆಗೆ ಅಂಥದ್ದೊಂದು ಬೇಕೆಂದು ದಶಕಗಟ್ಟಲೆ ಹುಡುಕಿದ್ದು ಅದಕ್ಕೇ. ಸಿಕ್ಕಿದ್ದು ಇನ್ನೊಂದು ಶಿಲೀಂಧ್ರದಲ್ಲಿ. ಸ್ಪೇನಿನ ಲೊಜೊಯಾ ನದಿಯ ಕಣಿವೆಯಲ್ಲಿ ದೊರೆತ ಗ್ಲೇರಿಯಾ ಲೊಜೊಯೆನ್ಸಿಸ್ ಎಂಬ ಶಿಲೀಂಧ್ರ ತಯಾರಿಸುವ ವಸ್ತುವಿನಿಂದ ಕ್ಯಾಸ್ಪೊಫಂಜಿನ್ ಮಾಡಿದರು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೈಕಾಫಂಜಿನ್, ಅನಿಡುಲಾಫಂಜಿನ್ ಹಿಂದೆಯೇ ಬಂದವು, ವಾರಕ್ಕೊಮ್ಮೆ ಕೊಟ್ಟರೆ ಸಾಕಾಗುವ ರೆಜಾಫಂಜಿನ್ 2023ರಲ್ಲಿ ಬಂತು.

ಇವೆಲ್ಲ ಹಿಡಿದು ನಿಲ್ಲಿಸುವುದು ಎಫ್‌ಕೆಎಸ್1 ಎಂಬ ಕಿಣ್ವವನ್ನು. ಅದು ಪೊರೆಯಲ್ಲಿ ಹೂತುಕೊಂಡು, ಒಳಗಿನಿಂದ ಗ್ಲೂಕೋಸ್ ತೆಗೆದುಕೊಂಡು, ಹೊರಗಡೆಗೆ ಬೀಟಾ ಗ್ಲೂಕನ್ನಿನ ಸರಪಳಿ ನೂಕುವ ರಾಟೆ. ರಾಟೆ ನಿಂತರೆ ಕ್ಯಾಂಡಿಡಾ ಯೀಸ್ಟ್ ಒಳಗಿನ ಒತ್ತಡ ತಡೆಯಲಾರದೆ ಒಡೆಯುತ್ತದೆ. ಆಸ್ಪರ್ಜಿಲಸ್ಸಿನಲ್ಲಿ ಪೂರ್ತಿ ಎಳೆ ಸಾಯುವುದಿಲ್ಲ, ಗೋಡೆ ಇನ್ನೂ ಹಸಿಯಾಗಿರುವ ಬೆಳೆಯುವ ತುದಿಗಳು ಮಾತ್ರ ಒಡೆಯುತ್ತವೆ. ಹಳೆಯ ಗೋಡೆ ಗಟ್ಟಿಯಾಗಿಬಿಟ್ಟಿರುತ್ತದೆ. ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ಯೀಸ್ಟಿನ ಮೇಲೆ ಈ ಮದ್ದು ಚಿಕಿತ್ಸೆಗೆ ಉಪಯೋಗಕ್ಕೇ ಬರುವುದಿಲ್ಲ. ಒಂದೇ ಮದ್ದು, ಗೋಡೆಗೊಂದು ಫಲ.

ಗೋಡೆಯೂ ಸುಮ್ಮನೆ ಏಟು ತಿನ್ನುವುದಿಲ್ಲ. ಗ್ಲೂಕನ್ ಬರುವುದು ನಿಂತಿತೆಂದು ಗೊತ್ತಾದ ಕೂಡಲೇ ಕೋಶದೊಳಗೆ ತುರ್ತು ಸಂದೇಶ ಓಡುತ್ತದೆ, ಕೈಟಿನ್ ತಯಾರಿ ಏರುತ್ತದೆ, ಬಿರುಕು ಬಿಟ್ಟಲ್ಲಿ ತೇಪೆ ಬೀಳುತ್ತದೆ. ಇದರಿಂದ ಕೆಲವು ಕ್ಯಾಂಡಿಡಾ ತಳಿಗಳು ಕಡಿಮೆ ಮದ್ದಿಗೆ ಸತ್ತು, ಹೆಚ್ಚು ಮದ್ದಿಗೆ ಬದುಕುವ ವಿಚಿತ್ರವೂ ಪ್ರಯೋಗಾಲಯದಲ್ಲಿ ಕಾಣುತ್ತದೆ. ಹಾಗಾದರೆ ಕೈಟಿನ್ ತಯಾರಿಗೂ ಒಂದು ಬೀಗ ಹಾಕಬಹುದಲ್ಲ ಎಂದು ಯಾರಿಗಾದರೂ ತೋಚುತ್ತದೆ. ನಿಕ್ಕೊಮೈಸಿನ್ ಎಂಬುದು ಹಾಗೆ ಮಾಡುವ ವಸ್ತು, ದಶಕಗಳಿಂದ ಗೊತ್ತಿದ್ದರೂ ಇನ್ನೂ ಔಷಧಿ ಅಂಗಡಿಗೆ ಬಂದಿಲ್ಲ. ಅದೇ ಬಗೆಯ ಪಾಲಿಆಕ್ಸಿನ್ ಮಾತ್ರ ಬೆಳೆಗಳ ಮೇಲೆ ಬಳಕೆಯಲ್ಲಿದೆ. ಹೊರಪದರದ ಪ್ರೋಟೀನುಗಳನ್ನು ಗೋಡೆಗೆ ಕಟ್ಟುವ ಕೊಂಡಿಯನ್ನೇ ತಪ್ಪಿಸುವ ಫಾಸ್‌ಮನೊಗೆಪಿಕ್ಸ್ ಮನುಷ್ಯರ ಮೇಲಿನ ಮೂರನೇ ಹಂತದ ಪ್ರಯೋಗದವರೆಗೆ ಬಂದಿದೆ.

ಆ ಹೊರಪದರಕ್ಕೆ ಇನ್ನೊಂದು ಕೆಲಸವೂ ಉಂಟು. ನಮ್ಮ ಬಿಳಿ ರಕ್ತಕಣಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಬೀಟಾ ಗ್ಲೂಕನ್ ಮುಟ್ಟಿದ ಕೂಡಲೇ ಕಳ್ಳ ಬಂದನೆಂದು ಕೂಗುತ್ತದೆ. ಕ್ಯಾಂಡಿಡಾ ತನ್ನ ಗ್ಲೂಕನ್ನನ್ನು ಮ್ಯಾನನ್ನಿನ ಪೊದೆಯ ಕೆಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಗದ್ದೆಯಲ್ಲಿ ಭತ್ತಕ್ಕೆ ಬೆಂಕಿರೋಗ ತರುವ ಶಿಲೀಂಧ್ರದ್ದೂ ಅದೇ ಉಪಾಯ. ಭತ್ತದ ಗಿಡ ಕೈಟಿನ್ ಕತ್ತರಿಸುವ ಕಿಣ್ವ ಬಿಟ್ಟು ಕಾಯುತ್ತಿದ್ದರೆ ಅದು ತನ್ನ ಗೋಡೆಯ ಮೇಲೆ ಆಲ್ಫಾ ಗ್ಲೂಕನ್ನಿನ ಕಂಬಳಿ ಹೊದ್ದು ಒಳಗೆ ನುಸುಳುತ್ತದೆ. ಎಲೆಯ ತೊಗಟೆ ತೂತು ಮಾಡಲು ಅದು ಕಟ್ಟುವ ಗುಮ್ಮಟದ ಗೋಡೆಗೆ ಮೆಲನಿನ್ನಿನ ಲೇಪ ಬೇಕೇ ಬೇಕು. ಆ ಲೇಪದ ಬಲದಿಂದ ಗುಮ್ಮಟದೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು ಏರುತ್ತದೆ. ನಮ್ಮ ರೈತರು ಬೆಂಕಿರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಮೆಲನಿನ್ ತಯಾರಿಯನ್ನು ತಪ್ಪಿಸುತ್ತದೆ. ಲೇಪವಿಲ್ಲದ ಗುಮ್ಮಟಕ್ಕೆ ಒತ್ತಡ ನಿಲ್ಲದೆ ಎಲೆ ತೂತಾಗುವುದಿಲ್ಲ. ಒಳನುಗ್ಗಿದ ಮೇಲೆ ಹೊಡೆದರೆ ಪ್ರಯೋಜನ ಕಡಿಮೆ ಎಂದು ಹೇಳುವುದು ಇದಕ್ಕೇ.

ಇದೆಲ್ಲ ಇವತ್ತಿನ ತುರ್ತಾದದ್ದು ಯಾಕೆ? ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಹೊರಡಿಸಿತು. 19ರ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿರುವ ನಾಲ್ಕರಲ್ಲಿ ಒಂದು ಕ್ಯಾಂಡಿಡಾ ಆರಿಸ್. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ತೆಗೆದು ವಿವರಿಸಿದ ಈ ಯೀಸ್ಟ್ ಈಗ ಭಾರತದ ಐಸಿಯುಗಳಿಗೂ ಹೊಸದಲ್ಲ. ಇದರ ಬಹುಪಾಲು ತಳಿಗಳು ಶಿಲೀಂಧ್ರಕ್ಕೆ ಸಾಮಾನ್ಯವಾಗಿ ಕೊಡುವ ಫ್ಲೂಕೊನಜೋಲ್ ಮದ್ದಿಗೆ ಬಗ್ಗುವುದಿಲ್ಲ. ಉಳಿದ ನೆಚ್ಚಿನ ಮದ್ದು ಎಂದರೆ ಗೋಡೆಯ ಮದ್ದು. ಅದಕ್ಕೂ ಬಗ್ಗದ ತಳಿಗಳು ಕಾಣಿಸಿಕೊಂಡಿವೆ, ಎಫ್‌ಕೆಎಸ್1 ರಾಟೆಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಮದ್ದಿಗೆ ಹಿಡಿತ ಸಿಗುವುದಿಲ್ಲ. ಇತ್ತ ಹೊಸ ಮದ್ದುಗಳು ಬರುವ ವೇಗ ನೋಡಿದರೆ, ಹತ್ತು ವರ್ಷದಲ್ಲಿ ಅಮೆರಿಕ, ಯುರೋಪು, ಚೀನಾಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ನಾಲ್ಕಕ್ಕೆ ಮಾತ್ರ ಎಂದು ಅದೇ ಸಂಸ್ಥೆ 2025ರಲ್ಲಿ ಹೇಳಿತು.

ತೋಟಕ್ಕೂ ಐಸಿಯುಗೂ ನಡುವೆ ಒಂದು ದಾರಿಯೂ ಇದೆ. ಅಡಿಕೆಗೆ ಹೊಡೆಯುವ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮತ್ತು ಆಸ್ಪತ್ರೆಯ ವೊರಿಕೊನಜೋಲ್ ಒಂದೇ ಕುಟುಂಬದವು. ಹೊಲಗಳಲ್ಲಿ ಇವನ್ನು ಸತತವಾಗಿ ಬಳಸಿದ್ದರಿಂದ ಮಣ್ಣಿನಲ್ಲಿರುವ ಆಸ್ಪರ್ಜಿಲಸ್ ಮದ್ದಿಗೆ ಬಗ್ಗದಂತಾಗಿ, ಅದೇ ತಳಿ ರೋಗಿಗಳ ಶ್ವಾಸಕೋಶಕ್ಕೆ ಬಂದದ್ದು ಮೊದಲು ಯುರೋಪಿನಲ್ಲಿ, ಆಮೇಲೆ ಭಾರತದಲ್ಲೂ ದಾಖಲಾಗಿದೆ. ಗೋಡೆಯ ಮದ್ದುಗಳಾದ ಕ್ಯಾಸ್ಪೊಫಂಜಿನ್ ಬಳಗವನ್ನು ಮಾತ್ರ ಯಾರೂ ಹೊಲಕ್ಕೆ ಹೊಡೆಯುವುದಿಲ್ಲ. ಸದ್ಯ ಅಷ್ಟಾದರೂ ಸಮಾಧಾನ.

ಇನ್ನು ಕೊಳೆ. ಫೈಟಾಫ್ತೊರಾ ಗೋಡೆಯನ್ನು ಕಟ್ಟಿಕೊಂಡಿರುವುದು ಗಿಡಗಳ ಹಾಗೆ ಸೆಲ್ಯುಲೋಸಿನಿಂದ, ಜೊತೆಗೆ ಬೀಟಾ ಗ್ಲೂಕನ್. ಕೈಟಿನ್ ಇಲ್ಲವೆನ್ನುವಷ್ಟು ಕಡಿಮೆ. ಎರ್ಗೊಸ್ಟೆರಾಲನ್ನು ಅದು ತಯಾರಿಸುವುದೇ ಇಲ್ಲ. ಪ್ರೊಪಿಕೊನಜೋಲ್ ನಿಲ್ಲಿಸುವುದು ಎರ್ಗೊಸ್ಟೆರಾಲಿನ ತಯಾರಿಯನ್ನು. ಮುಚ್ಚಿರದ ಅಂಗಡಿಗೆ ಬೀಗ ಜಡಿಯಬಹುದು, ಇಲ್ಲದ ಅಂಗಡಿಗೆ ಜಡಿಯುವುದು ಹೇಗೆ? ಆಲೂಗಡ್ಡೆಯ ಅಂಗಮಾರಿಗೆ ಬಳಸುವ ಮ್ಯಾಂಡಿಪ್ರೊಪಮಿಡ್ ಸೆಲ್ಯುಲೋಸ್ ಕಟ್ಟುವ ಕಿಣ್ವವನ್ನೇ ತಡೆಯುತ್ತದೆ. ನಿಜವಾದ ಶಿಲೀಂಧ್ರಕ್ಕೆ ಅದು ಏನೂ ಮಾಡದು. ಲೆಕ್ಕ ಇಷ್ಟು ಚೊಕ್ಕವಾಗಿ ಮುಗಿಯಿತು ಎಂದುಕೊಳ್ಳುವಾಗ ಪ್ರಕೃತಿ ಒಂದು ತೊಡಕು ಇಟ್ಟಿರುತ್ತದೆ: ಗೋಡೆಯಲ್ಲಿ ಕೈಟಿನ್ ಕಾಣದ ಈ ಫೈಟಾಫ್ತೊರಾ ಬಳಗದಲ್ಲೂ ಕೈಟಿನ್ ತಯಾರಿಸುವ ಕಿಣ್ವ ಇದೆ. ಅದರ ರಚನೆಯನ್ನು 2022ರಲ್ಲಿ ಬಿಡಿಸಿದರು. ಅಲ್ಲೊಂದು ಹೊಸ ಮದ್ದಿನ ದಾರಿ ತೆರೆದರೂ ತೆರೆಯಬಹುದು.

ಹೆಸರಿನ ಗೋಜಲು ಇನ್ನೊಂದಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರೂ 'ಕೊಳೆರೋಗ' ಎನ್ನುತ್ತಾರೆ. ಅವರು ಹೇಳುವುದು ಕಾಫಿಯ ಎಲೆ, ಕಾಯಿ ಕಪ್ಪಾಗಿ ಜೋತುಬೀಳುವ ರೋಗ. ಅದನ್ನು ತರುವುದು ಅಣಬೆಯ ಬಳಗದ ನಿಜವಾದ ಶಿಲೀಂಧ್ರ, ಗೋಡೆಯಲ್ಲಿ ಕೈಟಿನ್ ಇರುವಂಥದ್ದು. ಮೈಸೂರು ಸೀಮೆಯ ಕಾಫಿಯಿಂದ ಹೋದ ಮಾದರಿ ನೋಡಿ 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಕುಕ್ ಅದಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟ. ಕನ್ನಡದ ಒಂದು ರೈತ ಮಾತು ಹಾಗೆ ಲ್ಯಾಟಿನ್ ಹೆಸರುಗಳ ಸಾಲಿಗೆ ಸೇರಿತು. ಒಂದೇ ಹೆಸರು, ಎರಡು ಬೆಳೆ, ಎರಡು ಬೇರೆ ಗೋಡೆ.

ಹಾಗಾದರೆ ಗೋಡೆಯ ಹಂಗೇ ಇಲ್ಲದೆ ಬೋರ್ಡೋ ಎರಡಕ್ಕೂ ನಡೆಯುವುದು ಹೇಗೆ? ತಾಮ್ರಕ್ಕೆ ಇಂಥದ್ದೇ ಕಿಣ್ವ ಎಂಬ ಗುರಿಯಿಲ್ಲ, ಸಿಕ್ಕ ಪ್ರೋಟೀನನ್ನೆಲ್ಲ ಕೆಡಿಸುತ್ತದೆ. ಜೊತೆಗೆ ಫೈಟಾಫ್ತೊರಾಗೆ ಒಂದು ದುರ್ಬಲ ಗಳಿಗೆಯಿದೆ. ಎಡೆಬಿಡದೆ ಮಳೆ ಸುರಿಯುವಾಗ ಅದು ಎರಡು ಬಾಲದ ಈಜುಬೀಜಕಗಳನ್ನು ಬಿಡುತ್ತದೆ. ಅಡಿಕೆ ಗೊನೆಯ ಮೇಲೆ ಹರಡಿದ ನೀರಿನ ತೆಳು ಪದರದಲ್ಲಿ ಅವು ಈಜುತ್ತಾ ಕಾಯಿಯ ಮೈ ಹುಡುಕುತ್ತವೆ. ಆಗ ಅವಕ್ಕೆ ಗೋಡೆಯೇ ಇರುವುದಿಲ್ಲ. ಕಾಯಿ ಸಿಕ್ಕಿ ಬಾಲ ಉದುರಿಸಿ ಕೂತ ಕೆಲವೇ ನಿಮಿಷಗಳಲ್ಲಿ ಸೆಲ್ಯುಲೋಸ್ ಗೋಡೆ ಎದ್ದು ನಿಲ್ಲುತ್ತದೆ. ಮೊದಲ ಮಳೆಗೆ ಮುಂಚೆಯೇ ಗೊನೆಯ ಮೇಲೆ ಒಣಗಿ ಕೂತ ನೀಲಿ ಲೇಪದಿಂದ ತಾಮ್ರ ಚೂರುಚೂರೇ ಬಿಟ್ಟುಕೊಂಡು ಆ ನೀರಿಗೆ ಸೇರುತ್ತಿರಬೇಕು, ಬೆತ್ತಲೆ ಬೀಜಕ ಅದರೊಳಗೇ ಈಜಬೇಕು. ಕತ್ತಿಗೆ ತಾಮ್ರ ಹತ್ತುವಂತಿದ್ದರೆ ಅದು ಒಮ್ಮೆಗೇ ಬಿಡುಗಡೆಯಾಗಿ ಎಳೆಯ ಕಾಯಿಯನ್ನೇ ಸುಡುತ್ತದೆ. ಸುಣ್ಣ ಸರಿಯಾಗಿ ಬಿದ್ದಿದ್ದರೆ ನಿಧಾನವಾಗಿ ಕರಗುತ್ತದೆ. ಎರಡನೇ ಸಲ ಹೊಡೆಯುವ ಹೊತ್ತಿಗೆ ಗೊನೆಯ ಮೇಲಿನ ನೀಲಿ ಎಷ್ಟು ಉಳಿದಿದೆ ಎಂದು ಕತ್ತೆತ್ತಿ ನೋಡುವುದು ತೋಟದವರಿಗೆಲ್ಲ ರೂಢಿ.